ತಮ್ಮನ ಮೇಲೆ ಡಿ.ವಿ. (ಕೌಟುಂಬಿಕ ದೌರ್ಜನ್ಯ) ಕೇಸ್ ಆಗಿದೆ, ಅಮ್ಮನ ಹೆಸರೂ ನನ್ನ ಹೆಸರೂ ಇದೆ. ಮುಂದೇನು?

ಕುಂಬಳೆ ಅಕ್ಕ

ನನ್ನ ತವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ತಮ್ಮ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ರಜೆಯಲ್ಲಿ ಬಂದಾಗ ಗಂಡ ಹೆಂಡತಿಗೆ ದೊಡ್ಡ ಜಗಳ ಆಯಿತು, ಅವಳು ಮಗುವನ್ನು ಕರ್ಕೊಂಡು ಕರ್ನಾಟಕದ ಪುತ್ತೂರಿಗೆ ತಾಯಿಮನೆಗೆ ಹೋದಳು. ಈ ಸಲ ಅವನು ಬಂದು ಹತ್ತು ದಿನ ಆಗಿಲ್ಲ, ಪುತ್ತೂರು ಕೋರ್ಟಿನಿಂದ ನೋಟಿಸ್ ಬಂದಿದೆ. ಡಿ.ವಿ. ಕಾಯ್ದೆ, 12ನೇ ಸೆಕ್ಷನ್ ಅಂತ ಇದೆ. ತಮ್ಮ ಒಂದನೇ ಎದುರುದಾರ, 68 ವರ್ಷದ ಅಮ್ಮ ಎರಡನೆಯವರು, ನಾನು ಮೂರನೆಯವಳು. ನಾನು ಮದುವೆಯಾಗಿ ಕುಂಬಳೆಗೆ ಬಂದು 14 ವರ್ಷ ಆಯಿತು. ಹಬ್ಬಕ್ಕೆ ಹೋಗಿ ಬರುವುದು ಬಿಟ್ಟರೆ ಆ ಮನೆಯಲ್ಲಿ ಉಳಿದದ್ದೇ ಇಲ್ಲ.

ಮುಚ್ಚಿಡುವುದಿಲ್ಲ, ತಮ್ಮ ಒಂದು ಸಲ ಅವಳ ಕೆನ್ನೆಗೆ ಹೊಡೆದದ್ದು ನಿಜ. ಅಮ್ಮನೇ ಹೇಳಿದರು. ಆದರೆ ಅರ್ಜಿಯಲ್ಲಿ ಬರೆದ ಹಾಗೆ ತಿಂಗಳುಗಟ್ಟಲೆ ಹೊಡೆದದ್ದು ಇಲ್ಲ. 22 ಪವನ್ (ಒಂದು ಪವನ್ ಅಂದರೆ 8 ಗ್ರಾಂ) ಚಿನ್ನ ವಾಪಸ್ ಕೇಳಿದ್ದಾಳೆ. ಅದರಲ್ಲಿ ಅರ್ಧ, ಮನೆ ರಿಪೇರಿ ಮಾಡುವಾಗ ಬ್ಯಾಂಕಿನಲ್ಲಿ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ. ಜಗಳ ಆದ ವಾರ ಸ್ಟೇಷನ್‌ಗೆ ಕರೆಸಿದ್ದರು. ಅಲ್ಲಿ ರಾಜಿ ಅಂತ ಮಲಯಾಳದಲ್ಲಿ ಬರೆದ ಒಂದು ಕಾಗದಕ್ಕೆ ತಮ್ಮ ಸಹಿ ಹಾಕಿ ಬಂದ. ಅವನು ಕನ್ನಡ ಮೀಡಿಯಂನಲ್ಲಿ ಓದಿದವನು, ಮಲಯಾಳ ಮಾತಾಡುತ್ತಾನೆ, ಓದಲು ಬರುವುದಿಲ್ಲ.

ಅವನನ್ನು ಅರೆಸ್ಟ್ ಮಾಡುತ್ತಾರಾ? ಮನೆ ಅಮ್ಮನ ಹೆಸರಲ್ಲಿದೆ, ಅಮ್ಮನನ್ನು ಹೊರಗೆ ಹಾಕಬಹುದಾ? ರಜೆ ಇನ್ನು 20 ದಿನ ಇದೆ. ಸುಮ್ನೆ ವಿಮಾನ ಹತ್ತು, ಕೇಸ್ ತನ್ನಷ್ಟಕ್ಕೆ ಬಿದ್ದು ಹೋಗುತ್ತದೆ ಅಂತ ಕೆಲವರು ಹೇಳುತ್ತಿದ್ದಾರೆ. ಎರಡು ರಾತ್ರಿಯಿಂದ ಅಮ್ಮ ನಿದ್ದೆ ಮಾಡಿಲ್ಲ.

ಗಡಿನಾಡ ವಕೀಲ

ಅಕ್ಕಾ, ಕೇಸ್ ತನ್ನಷ್ಟಕ್ಕೆ ಬೀಳುವುದಿಲ್ಲ. ಯಾರೂ ಹೋಗದಿದ್ದರೆ ಎಕ್ಸ್‌ಪಾರ್ಟಿ ಆಗುತ್ತದೆ, ಅವಳು ಹೇಳಿದ್ದಷ್ಟೇ ಕೋರ್ಟಿನ ಮುಂದೆ ಉಳಿಯುತ್ತದೆ. ಮಧ್ಯಂತರ ಜೀವನಾಂಶದ ಆದೇಶ ಕೂಡಾ ಹಾಗೇ ಬಂದುಬಿಡಬಹುದು, ಬಾಕಿ ಏರುತ್ತಾ ಹೋಗುತ್ತದೆ. ನೋಟಿಸ್ ಬಂದ ಮಾತ್ರಕ್ಕೆ ಪ್ರಯಾಣಕ್ಕೆ ತಡೆ ಇಲ್ಲ, ಆದರೆ ಹೋಗುವ ಮೊದಲು ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ಹಾಕಿಸಿ, ತಕರಾರು ಅಂದರೆ ಅರ್ಜಿಗೆ ಲಿಖಿತ ಉತ್ತರ ಸಲ್ಲಿಸಿಯೇ ಹೋಗಲಿ.

ಈಗಿನ ಅರ್ಜಿ 2005ರ ಡಿ.ವಿ. ಕಾಯ್ದೆಯದ್ದು. ಇದು ಎಫ್‌ಐಆರ್ ಅಲ್ಲ. ರಕ್ಷಣೆ, ವಾಸ, ಹಣ, ಮಗು, ಪರಿಹಾರ, ಇವುಗಳ ಬಗ್ಗೆ ಮ್ಯಾಜಿಸ್ಟ್ರೇಟ್ ಆದೇಶ ಕೊಡುತ್ತಾರೆ. ನೋಟಿಸ್ ಬಂತು ಅಂತ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ. ಪುತ್ತೂರಿನಲ್ಲಿ ಯಾಕೆ ಅಂತ ವಾದ ಮಾಡಿ ಸಮಯ ಹಾಳು ಮಾಡಬೇಡಿ, ಅವಳು ತಾತ್ಕಾಲಿಕವಾಗಿ ಉಳಿದ ಜಾಗದಲ್ಲೂ ಅರ್ಜಿ ಹಾಕಬಹುದು ಅಂತ 27ನೇ ಸೆಕ್ಷನ್ನೇ ಹೇಳುತ್ತದೆ.

ಅವಳು ಬೇರೆಯಾಗಿ ಪೊಲೀಸ್ ದೂರು ಕೊಟ್ಟರೆ ಅದು ಬೇರೆ ಲೆಕ್ಕ. ಹೆಂಡತಿಗೆ ಗಂಡ ಅಥವಾ ಅವನ ಮನೆಯವರು ಕ್ರೌರ್ಯ ಮಾಡಿದ ಅಪರಾಧ ಅದು, ಮೊದಲು ಐಪಿಸಿಯ 498ಎ, 2024ರ ಜುಲೈ 1ರಿಂದ ಹೊಸ ದಂಡ ಸಂಹಿತೆಯ (ಬಿಎನ್‌ಎಸ್) 85ನೇ ಸೆಕ್ಷನ್. ಮೂರು ವರ್ಷದವರೆಗೆ ಜೈಲು, ದಂಡ. ಅದರಲ್ಲೂ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಹೆಸರು ಬಂದ ಕೂಡಲೇ ಅರೆಸ್ಟ್ ಮಾಡುವ ಹಾಗಿಲ್ಲ, ಸಾಮಾನ್ಯವಾಗಿ ಮೊದಲು ಹಾಜರಾಗಲು ನೋಟಿಸ್ ಕೊಡಬೇಕು. ಆ ನೋಟಿಸಿಗೆ ಹೋಗದಿದ್ದರೆ ಮಾತ್ರ ಕಷ್ಟ. ನಮ್ಮಂಥ ಗಡಿಯವರಿಗೆ ಒಂದು ಉಪಯೋಗದ ವಿಷಯ: ಎಫ್‌ಐಆರ್ ಕರ್ನಾಟಕದಲ್ಲಿ ಆಗಿದ್ದರೂ ಕಾಸರಗೋಡಿನ ಸೆಷನ್ಸ್ ಕೋರ್ಟಿನಲ್ಲಿ ಕೆಲವು ದಿನದ ಮಟ್ಟಿಗೆ ಟ್ರಾನ್ಸಿಟ್ ನಿರೀಕ್ಷಣಾ ಜಾಮೀನು (ಆ ಊರಿನ ಕೋರ್ಟಿಗೆ ಹೋಗುವವರೆಗೆ ಅರೆಸ್ಟ್ ಆಗದಂತೆ ರಕ್ಷಣೆ) ಕೇಳಬಹುದು. 2023ರಲ್ಲಿ ಪ್ರಿಯಾ ಇಂದೋರಿಯಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಕ್ರಿಮಿನಲ್ ಕೇಸ್ ಕೋರ್ಟಿಗೆ ಬಂದರೆ ಪಾಸ್‌ಪೋರ್ಟ್ ನವೀಕರಣಕ್ಕೂ ಕೋರ್ಟಿನ ಅನುಮತಿ ಬೇಕಾಗುತ್ತದೆ, ಗಲ್ಫಿನಲ್ಲಿ ಇರುವವನಿಗೆ ಅದು ಸಣ್ಣ ವಿಷಯ ಅಲ್ಲ.

ಅಮ್ಮನ ಬಗ್ಗೆ ಹೆದರಬೇಡಿ. ಮನೆ ಬಿಟ್ಟು ಹೋಗು ಅಂತ ಹೆಂಗಸಿಗೆ ಆದೇಶ ಕೊಡುವ ಹಾಗಿಲ್ಲ, 19ನೇ ಸೆಕ್ಷನ್ನಿನಲ್ಲೇ ಬರೆದಿದೆ. ಆದರೆ ಮನೆ ಅಮ್ಮನ ಹೆಸರಲ್ಲಿದೆ, ಸೊಸೆಗೆ ಹಕ್ಕೇ ಇಲ್ಲ ಅಂತಲೂ ವಾದಿಸಬೇಡಿ, 2020ರಿಂದ ಆ ವಾದ ನಿಲ್ಲುವುದಿಲ್ಲ. ಬೇರೆ ಬಾಡಿಗೆ ಮನೆ ಮಾಡಿಕೊಡಲು ತಮ್ಮನಿಗೆ ಹೇಳಬಹುದು.

ನಿಮ್ಮ ವಿಷಯ: 2016ರಿಂದ ಹೆಂಗಸರನ್ನೂ ಎದುರುದಾರರನ್ನಾಗಿ ಮಾಡಬಹುದು, ನಿಜ. ಆದರೆ ಅವಳ ಜೊತೆ ಒಂದೇ ಮನೆಯಲ್ಲಿ ಬಾಳಿದ ಸಂಬಂಧ ಇರಬೇಕು. ಮದುವೆಯಾದಂದಿನಿಂದ ನೀವು ಕುಂಬಳೆಯಲ್ಲಿದ್ದೀರಿ ಅಂತ ರೇಷನ್ ಕಾರ್ಡ್ ಇಟ್ಟು ತೋರಿಸಿ, ಹೆಸರು ಕೈಬಿಡಲು ಕೇಳಿ. ನಿಮಗೂ ಅಮ್ಮನಿಗೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿ ಇಲ್ಲ, ಅರ್ಜಿ ಹಾಕಿದವರಾದರೂ ಎದುರುದಾರರಾದರೂ. ಫೋನ್ 15100.

ಇನ್ನು ಹೊಡೆದ ವಿಷಯ. ಹೊಡೆದೇ ಇಲ್ಲ ಅಂತ ಬರೆಸಬೇಡಿ. ನಾಳೆ ಅಮ್ಮನನ್ನು ಪಾಟಿ ಸವಾಲು ಮಾಡಿದಾಗ ಅದು ಹೊರಗೆ ಬರುತ್ತದೆ, ಆಗ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಅರ್ಜಿಯ ಒಂದೊಂದು ಮಾತಿಗೂ ಬೇರೆ ಬೇರೆ ಉತ್ತರ ಬರೆಸಿ. ಹೊಡೆದ ಅಂತ ಹೇಳಿದ ದಿನಗಳಲ್ಲಿ ಅವನು ದುಬೈಯಲ್ಲಿದ್ದರೆ ಪಾಸ್‌ಪೋರ್ಟಿನ ಸೀಲೇ ಒಳ್ಳೆಯ ಸಾಕ್ಷಿ. ಸ್ಟೇಷನ್ನಿನ ಕಾಗದದ ನಕಲು ತೆಗೆಸಿ, ಮಲಯಾಳ ಬಲ್ಲವರಿಂದ ಪೂರ್ತಿ ಓದಿಸಿ. ಓದಲಾಗದ ಕಾಗದಕ್ಕೆ ಇನ್ನು ಸಹಿ ಬೇಡ.

ಮುಳ್ಳೇರಿಯದವ

ನಾನು ಇದನ್ನು ಅನುಭವಿಸಿದವನು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೇಸಿನಲ್ಲಿ ಹೆಂಡತಿಯನ್ನು ಭೇಟಿ ಮಾಡಬಾರದು, ಫೋನ್ ಮಾಡಬಾರದು ಅಂತ ರಕ್ಷಣಾ ಆದೇಶ ಆಗಿತ್ತು. ಮಗಳ ಹುಟ್ಟಿದ ದಿನ ಕೇಕ್ ತೆಗೆದುಕೊಂಡು ಅವರ ಮನೆಗೆ ಹೋದೆ. ಗಲಾಟೆ ಮಾಡಲಿಲ್ಲ, ಗೇಟಿನಲ್ಲೇ ನಿಂತಿದ್ದೆ. ಆದರೂ ಅದು ಆದೇಶ ಮುರಿದ ಹಾಗೆಯೇ. 31ನೇ ಸೆಕ್ಷನ್, ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು, ಜಾಮೀನು ಕೂಡಾ ಸುಲಭ ಇಲ್ಲ. ಆ ರಾತ್ರಿ ಲಾಕಪ್ಪಿನಲ್ಲಿ ಕೂತಾಗ, ಆದೇಶ ಇಷ್ಟವಿಲ್ಲದಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದಿತ್ತಲ್ಲ, ಗೇಟಿಗೆ ಯಾಕೆ ಹೋದೆ ಅಂತ ಅಳು ಬಂತು. ನಿಮ್ಮ ತಮ್ಮನಿಗೆ ಇದನ್ನು ಓದಿಸಿ. ಮೆಸೇಜುಗಳನ್ನು ಅಳಿಸುವುದು ಬೇಡ, ಅವನಿಗೆ ವಿರುದ್ಧವಾದದ್ದನ್ನೂ.

ಉಪ್ಪಳದವಳು

ನಾನು ಆ ಕಡೆಯವಳು, ಇಂಥದ್ದೇ ಬೇರೆ ಕೇಸಿನಲ್ಲಿ ಅರ್ಜಿ ಹಾಕಿದವಳು. ಅಕ್ಕ, ನೀವು "ಒಂದು ಸಲ" ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ನಾದಿನಿಗೆ ಗೊತ್ತಿದ್ದದ್ದು ಒಂದೇ ಸಲ. ಬಾಗಿಲು ಹಾಕಿದ ಮೇಲೆ ಆದದ್ದು ಅವಳಿಗೆ ಗೊತ್ತಿರಲಿಲ್ಲ, ನಾನೂ ನಾಚಿಕೆಯಿಂದ ಹೇಳಿರಲಿಲ್ಲ. ನಿಮ್ಮ ತಮ್ಮ ಹಾಗೆ ಅಂತ ನಾನು ಹೇಳುತ್ತಿಲ್ಲ. ಅಮ್ಮ ಕಂಡದ್ದೇ ಪೂರ್ತಿ ಅಂತ ತಿಳಿಯಬೇಡಿ ಅಷ್ಟೆ.

ಮತ್ತೆ ಚಿನ್ನ. ಕಾಯ್ದೆಯಲ್ಲಿ ಹೊಡೆತ ಮಾತ್ರ ಹಿಂಸೆ ಅಲ್ಲ, ಬೈಗುಳವೂ ಹಿಂಸೆ, ಖರ್ಚಿಗೆ ಕೊಡದಿರುವುದು, ಅವಳ ಒಡವೆಯನ್ನು ಅವಳಿಗೆ ಸಿಗದ ಹಾಗೆ ಮಾಡುವುದು ಕೂಡಾ ಹಿಂಸೆ. ನೀವು ಕೆನ್ನೆಯ ಏಟಿನ ಬಗ್ಗೆ ಯೋಚಿಸುತ್ತಿದ್ದೀರಿ, ಅಡವಿಟ್ಟ ಚಿನ್ನಕ್ಕೆ ಕೋರ್ಟಿನಲ್ಲಿ ಏನು ಉತ್ತರ ಕೊಡುತ್ತೀರಿ? ನನ್ನ ಚಿನ್ನ ತಂದೆ ಸಾಲ ಮಾಡಿ ಹಾಕಿದ್ದು ಅಂತ ನಾನು ಜಡ್ಜ್ ಮುಂದೆ ಹೇಳುವಾಗ ಗಂಟಲು ಕಟ್ಟಿತ್ತು. ಆದಷ್ಟು ಬೇಗ ಬಿಡಿಸಿ. ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಅವಳ ಮನೆಗೆ ಪಂಚಾತಿಕೆಗೆ ಹೋಗಬೇಡಿ. ಮಾತುಕತೆ ಬೇಕಿದ್ದರೆ ಕೋರ್ಟೇ ಆಪ್ತ ಸಮಾಲೋಚನೆಗೆ ಕಳಿಸುತ್ತದೆ.

ಕುಂಬಳೆ ಅಕ್ಕ

ಉಪ್ಪಳದವರೇ, ನಿಮ್ಮದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತೆ. ರಾತ್ರಿ ತಮ್ಮನನ್ನು ಅಮ್ಮನಿಲ್ಲದಾಗ ಕೇಳಿದೆ. ಒಂದೇ ಸಲ ಅಲ್ಲ ಅಂತ ಅವನೇ ಹೇಳಿದ. ನನಗೆ ಮಾತೇ ಬರಲಿಲ್ಲ.

ಟಿಕೆಟ್ ಮುಂದೆ ಹಾಕಿದ್ದಾನೆ. ಅಡವಿನ ರಸೀದಿ ಸಿಕ್ಕಿತು, 11 ಪವನ್, ಬಿಡಿಸಲು ನನ್ನ ಬಳೆ ಕೊಡುತ್ತೇನೆ ಅಂದಿದ್ದೇನೆ. ನಾಳೆ ಪುತ್ತೂರಿಗೆ ವಕೀಲರ ಹತ್ತಿರ ಹೋಗುತ್ತಿದ್ದೇವೆ. ಒಂದೇ ಪ್ರಶ್ನೆ, ಅವನು ಮಗುವನ್ನು ವಿಡಿಯೋ ಕಾಲಿನಲ್ಲಾದರೂ ನೋಡಬಹುದಾ?

ಗಡಿನಾಡ ವಕೀಲ

ನೋಟಿಸ್ ಜೊತೆ ಮಧ್ಯಂತರ ಆದೇಶದ ಪ್ರತಿ ಏನಾದರೂ ಇದೆಯಾ ಮೊದಲು ನೋಡಿ. ಇದ್ದರೂ ಇಲ್ಲದಿದ್ದರೂ ಅವನೇ ಫೋನ್ ಮಾಡುವುದು ಬೇಡ. ಮಗುವನ್ನು ನೋಡುವ ವ್ಯವಸ್ಥೆಯನ್ನು 21ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟರೇ ಗೊತ್ತು ಮಾಡಬಹುದು. ನಾಳೆಯೇ ವಕೀಲರಿಗೆ ಹೇಳಿ ಬರವಣಿಗೆಯಲ್ಲಿ ಕೇಳಿಸಿ. ನಿಮಗೆ ಹೇಳಿದ್ದನ್ನು ಅವನು ವಕೀಲರಿಗೂ ಹೇಳಲಿ, ಪೂರ್ತಿಯಾಗಿ.