ಚಿಕ್ಕಪ್ಪನ ಡಾಲರ್ರೂ ಅತ್ತೆಯ ಕುಕ್ಕರ್ರೂ

ರಾಘು ಚಿಕ್ಕಪ್ಪ: [ಫಾರ್ವರ್ಡ್ ಮಾಡಿದ್ದು] ಫೇಸ್‌ಬುಕ್ ನಿಮ್ಮ ಮಾಹಿತಿ ಕದ್ದಿದೆ! 72.5 ಕೋಟಿ ಡಾಲರ್ ಪರಿಹಾರ! ಅಕೌಂಟ್ ಇದ್ದವರೆಲ್ಲ ಆಧಾರ್, ಪಾಸ್‌ಬುಕ್ ಫೋಟೋ ಹಾಕಿ ಫಾರಂ ತುಂಬಿ. ಇಂದೇ ಕೊನೇ ದಿನ!

ರಾಘು ಚಿಕ್ಕಪ್ಪ: ನಂದು ತುಂಬಿ ಆಯ್ತು. ಎಲ್ರೂ ತುಂಬಿ

ಪೂರ್ಣಿ: ಅಯ್ಯೋ ಚಿಕ್ಕಪ್ಪ, ಎಂತ ಮಾಡಿದ್ರಿ... ಆಧಾರ್ ಹಾಕಿದ್ರಾ??

ರಾಘು ಚಿಕ್ಕಪ್ಪ: ಹೌದು. ಪೇಪರಲ್ಲೂ ಬಂದಿತ್ತು ಆ ಸುದ್ದಿ, ಸುಳ್ಳಲ್ಲ

ಪೂರ್ಣಿ: ಸುಳ್ಳಲ್ಲ, ಅದೇ ತೊಂದ್ರೆ. ಫೇಸ್‌ಬುಕ್ಕಿನೋರ ಮಾಹಿತಿ ಎತ್ಕೊಂಡು ಚುನಾವಣೆ ಪ್ರಚಾರಕ್ಕೆ ಬಳಸಿದ ಕೇಂಬ್ರಿಜ್ ಅನಲಿಟಿಕಾ ಅನ್ನೋ ಕಂಪನಿ ಗಲಾಟೆ ಆಯ್ತಲ್ಲ ಅದ್ರ ಕೇಸಲ್ಲಿ ಫೇಸ್‌ಬುಕ್ಕಿನೋರು ಅಷ್ಟು ಕೊಡೋಕೆ ಒಪ್ಪಿದ್ದು ನಿಜ, ಆದ್ರೆ 2007ರಿಂದ 2022ರ ಒಳಗೆ ಅಮೆರಿಕದಲ್ಲಿದ್ದು ಅಕೌಂಟ್ ಇಟ್ಕೊಂಡೋರಿಗೆ ಮಾತ್ರ, ಅರ್ಜಿ ಹಾಕೋ ಕಡೇ ದಿನ 2023ರ ಆಗಸ್ಟ್ 25ಕ್ಕೇ ಮುಗ್ದೋಗಿದೆ. ಹೊಸನಗರದಲ್ಲಿ ಅಡಿಕೆ ಸುಲೀತಾ ಫೇಸ್‌ಬುಕ್ ನೋಡ್ದೋರಿಗೆ ಚಿಕ್ಕಾಸೂ ಇಲ್ಲ. ಮಾಹಿತಿ ಕದ್ರು ಅಂತ ದುಡ್ಡು ಕೇಳೋಕೆ ಹೋಗಿ ಪಾಸ್‌ಬುಕ್ಕೇ ಕೊಟ್ಟು ಬಂದ್ರಲ್ಲ ಮಾರಾಯ್ರೆ

ಮಂಜಣ್ಣ ನ್ಯೂಜೆರ್ಸಿ: ಪೂರ್ಣಿ ಹೇಳಿದ್ದು ಸರಿ ಚಿಕ್ಕಪ್ಪ. ಇಲ್ಲಿ ವಕೀಲರು "ಈ ಕಂಪನಿ ಬಗ್ಗೆ ತನಿಖೆ ಮಾಡ್ತಿದೀವಿ, ನೀವೂ ಈ ಸಾಮಾನು ತಗೊಂಡಿದ್ರೆ ಹೇಳಿ" ಅಂತ ಜಾಹೀರಾತು ಹಾಕ್ತಾರೆ, ಪೊಲೀಸ್ ತನಿಖೆ ಅಲ್ಲ ಅದು, ಕೇಸಿಗೆ ಜನ ಒಟ್ಟು ಮಾಡೋದು. ಗೆದ್ರೆ ಬಂದಿದ್ರಲ್ಲೇ ಫೀಸು ಮುರ್ಕೊಳ್ತಾರೆ. ನಂಗೆ ಸಿಕ್ಕಿದ್ದು ಎರಡು ದೋಸೆಗೆ ಸರಿಯಾಯ್ತು

ರಾಘು ಚಿಕ್ಕಪ್ಪ: ದೋಸೆಗಾದ್ರೂ ಬಂತಲ್ಲ. ಕಾನೂನೆಲ್ಲ ಅಲ್ಲಿಯೋರಿಗೇ

ಪೂರ್ಣಿ: ಇಲ್ಲೂ ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಹೇಳಿದ್ದು ಪುಟ್ಟಸ್ವಾಮಿಯವರ ಕೇಸಲ್ಲಿ, ನಮ್ಮ ಹೈಕೋರ್ಟಲ್ಲೇ ಜಡ್ಜ್ ಆಗಿದ್ದೋರು, ಅವ್ರು ಕೋರ್ಟಿಗೆ ಹೋಗಿದ್ದೂ ಇದೇ ಆಧಾರ್ ವಿಷಯಕ್ಕೆ! 2023ರಲ್ಲಿ ಡೇಟಾ ಕಾಯ್ದೆ ಆಯ್ತು, 250 ಕೋಟಿವರೆಗೆ ದಂಡ. ಆದ್ರೆ ಆ ದಂಡ ಹೋಗೋದು ಸರ್ಕಾರಕ್ಕೆ, ಮಾಹಿತಿ ಕಳ್ಕೊಂಡೋನಿಗಲ್ಲ. ಅದು ನಂಗೂ ಸಿಟ್ಟೇ

ಸರೋಜತ್ತೆ: ಫೇಸ್‌ಬುಕ್ ಹಾಳಾಗ್ಲಿ, ನನ್ನ ಕುಕ್ಕರಿಂದು ಯಾರಾದ್ರೂ ತನಿಖೆ ಮಾಡ್ತಾರನಾ? ಮುಚ್ಚಳ ಹಾರಿ ಹಂಚು ಒಡ್ದು ಮಳೆಗಾಲ ಪೂರ್ತಿ ಒಲೆ ಮೇಲೇ ಸೋರ್ತು, ಜಂತಿಗೆ ಅನ್ನದಗುಳು ಇನ್ನೂ ಅಂಟ್ಕೊಂಡಿದೆ

ಪೂರ್ಣಿ: ಅತ್ತೆ ಕೇಸು ಅಂದ್ರೆ ನಿಮ್ದು. ಅದ್ರ ಮೇಲೆ ಐಎಸ್‌ಐ ಗುರುತು ಇದ್ಯಾ? ಜೊತೆಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರ್ಬೇಕು

ಸರೋಜತ್ತೆ: ತಡಿ

ಸರೋಜತ್ತೆ: ತಳಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿ ನೋಡ್ದೆ. ಒಂದು ಹಂಸದ ಚಿತ್ರ ಇದೆ ಅಷ್ಟೇ

ಪೂರ್ಣಿ: 2021ರ ಫೆಬ್ರವರಿ 1ರಿಂದ ಐಎಸ್‌ಐ ಇಲ್ದೆ ಕುಕ್ಕರ್ ಮಾರೋ ಹಾಗೇ ಇಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನಿಗೆ 1 ಲಕ್ಷ ದಂಡ ಹಾಕಿ, ಅಂಥ 2,265 ಕುಕ್ಕರ್ ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಆದೇಶ ಮಾಡಿತ್ತು. ನಿಮ್ದು ಬೇರೆ ಕಡೆದು, ಇರ್ಲಿ. ಮೊದ್ಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಣ, ಬಗ್ಗಲಿಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕನೇ ಇಲ್ಲ. 2 ವರ್ಷದೊಳಗೆ ಹಾಕ್ಬೇಕು, ಸಿಡಿದಿದ್ದು ಯಾವಾಗ?

ಸರೋಜತ್ತೆ: ಹೋದ ವರ್ಷ ಆರಿದ್ರೆ ಮಳೇಲಿ

ಪೂರ್ಣಿ: ಹಾಗಾದ್ರೆ ಟೈಮಿದೆ. ಮುಚ್ಚಳ ಇದ್ಯಲ್ಲ? ಗುಜರಿಗೆ ಹಾಕಿಲ್ಲ ತಾನೆ

ಸರೋಜತ್ತೆ: ಇದೆ. ಸೀಟಿ ತೂತಿಗೆ ಬಟ್ಟೆ ತುರುಕಿ ನಾಯಿಗೆ ಅನ್ನ ಹಾಕ್ತಿದೀನಿ

ಮಂಜಣ್ಣ ನ್ಯೂಜೆರ್ಸಿ: 😂😂

ಪೂರ್ಣಿ: ನಗ್ಬೇಡ ಮಂಜಣ್ಣ, ಸಾಕ್ಷಿ ಅದು! ಅತ್ತೆ ಇವತ್ತೇ ನಾಯಿಗೆ ಬೇರೆ ತಟ್ಟೆ ಇಡಿ, ಮುಚ್ಚಳ ತೊಳೀಬೇಡಿ, ಹಂಚಿಂದು ಜಂತಿದು ಫೋಟೋ ತೆಗ್ದು ನಂಗೊಬ್ಳಿಗೇ ಕಳ್ಸಿ. ಬಿಲ್ಲು ಫೋನಲ್ಲೇ ಇರುತ್ತೆ, ನಾನು ಭಾನುವಾರ ಬಂದು ಹುಡುಕ್ತೀನಿ

ಪೂರ್ಣಿ: ಚಿಕ್ಕಪ್ಪ ನೀವು ಬ್ಯಾಂಕಿಗೆ ಹೊರಡಿ ಮೊದ್ಲು. ದುಡ್ಡು ಹೋಗಿದ್ರೆ ಕೂಡ್ಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ

ರಾಘು ಚಿಕ್ಕಪ್ಪ: ದುಡ್ಡೇನು ಹೋಗಿಲ್ಲ. ಈಗ ಒಂದು ಓಟಿಪಿ ಬಂತು, ಆ ಫಾರಮ್ಮಿನೋರು ಫೋನ್ ಮಾಡಿ ಕೇಳ್ತಿದಾರೆ. ಹೇಳ್ಲಾ?

ಪೂರ್ಣಿ: ಬೇಡ!!! ಫೋನ್ ಇಡಿ ಚಿಕ್ಕಪ್ಪ

ಪೂರ್ಣಿ: ಚಿಕ್ಕಪ್ಪ??

ಸರೋಜತ್ತೆ: ಲ್ಯಾಂಡ್‌ಲೈನಿಗೆ ಮಾಡು ಪೂರ್ಣಿ, ಚಿಕ್ಕಮ್ಮ ಎತ್ತುತ್ತಾಳೆ