ಗೋವಿನ ಹಾಡಿನಲ್ಲಿ ಪ್ರಾಸ ಎಲ್ಲಿದೆ?

ಗಣಿತದ ಅಕ್ಕೋರು, ಧಾರವಾಡ
ಕನ್ನಡದ ಅಕ್ಕೋರು ರಜೆಯಲ್ಲಿದ್ದಾರೆ, ಅವರ ತಾಸು ನನಗೆ ಬಂದಿದೆ. ನಿನ್ನೆ ಗೋವಿನ ಹಾಡು ಓದಿಸಿದೆ. ಕರುವನ್ನು ಬೀಳ್ಕೊಡುವ ಕಡೆ ನನಗೇ ಗಂಟಲು ಕಟ್ಟಿತು. ಆಗ ಒಬ್ಬ ಹುಡುಗ ಎದ್ದು, ‘ಅಕ್ಕೋರ, ಇದರಾಗ ಪ್ರಾಸನ ಇಲ್ಲಲ್ರೀ’ ಅಂದ.

ತಬ್ಬಲಿಯು ನೀನಾದೆ ಮಗನೆ
ಹೆಬ್ಬುಲಿಯ ಬಾಯನ್ನು ಹೊಗುವೆನು
ಇಬ್ಬರಾ ಋಣ ತೀರಿತೆಂದು
ತಬ್ಬಿಕೊಂಡಿತು ಕಂದನ

ಮಗನೆ, ಹೊಗುವೆನು, ತೀರಿತೆಂದು, ಕಂದನ: ಯಾವುದೂ ಕೂಡುವುದಿಲ್ಲ. ಆದರೂ ಕಿವಿಗೆ ಏನೋ ಹೊಂದುತ್ತದೆ. ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು. ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು
ತಾಯಿ, ಸಾಲಿನ ತುದಿ ಬಿಡಿ, ತಲೆ ನೋಡಿ. ತಬ್ಬಲಿ, ಹೆಬ್ಬುಲಿ, ಇಬ್ಬರ, ತಬ್ಬಿ. ನಾಲ್ಕರಲ್ಲೂ ಎರಡನೆಯ ಅಕ್ಷರ ‘ಬ್ಬ’ಕಾರ, ಸ್ವರ ಬೇರೆಯಾದರೂ ನಡೆಯುತ್ತದೆ. ಇದು ಆದಿಪ್ರಾಸ, ನಮ್ಮ ಹಳೆಯ ಕಾವ್ಯದ ಪ್ರಾಸವೇ ಇದು. ಒಂದೇ ವ್ಯಂಜನ ಹೀಗೆ ಇಮ್ಮಡಿಸಿದರೆ ಹಯಪ್ರಾಸ. ‘ಖಂಡವಿದೆಕೋ’ ಪದ್ಯದಲ್ಲಿ ಖಂಡ, ಗುಂಡಿಗೆ, ಚಂಡ ಎಂದು ಸೊನ್ನೆಯ ಮೇಲೆ ನಿಲ್ಲುವುದು ವೃಷಭಪ್ರಾಸ. ಅಲ್ಲಿ ‘ನೀನಿದೆಲ್ಲವನುಂಡು’ ಎಂಬುದನ್ನು ‘ನೀನಿದೆಲ್ಲವ / ನುಂಡು’ ಎಂದು ಒಡೆದು ಓದಬೇಕು. ಪದ ಮುರಿದರೂ ಪ್ರಾಸ ಉಳಿಯಿತು!

ಅರ್ಥವನ್ನೂ ನೋಡಿ: ತಬ್ಬಲಿಗೂ ಹೆಬ್ಬುಲಿಗೂ ನಡುವೆ ಒಂದೆರಡು ಅಕ್ಷರದ ವ್ಯತ್ಯಾಸ. ತಬ್ಬಲಿಯಾಗುವ ಕರುವನ್ನೇ ಕೊನೆಗೆ ತಾಯಿ ತಬ್ಬಿಕೊಳ್ಳುತ್ತಾಳೆ. ನಲವತ್ತು ವರ್ಷ ಪಾಠ ಮಾಡಿದರೂ ಈ ಪದ್ಯಕ್ಕೆ ಬಂದಾಗ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ಗಣಿತದ ಅಕ್ಕೋರು, ಧಾರವಾಡ
ಮೇಷ್ಟ್ರೇ, ಇಷ್ಟು ದಿನ ಕಣ್ಣೆದುರೇ ಇತ್ತಲ್ಲ! ಲಯವನ್ನೂ ಲೆಕ್ಕ ಹಾಕಬಹುದೇ?

ಗಮಕ ಕಲಿಯುವವಳು
ಲಘುವಿಗೆ, ಅಂದರೆ ಹ್ರಸ್ವ ಅಕ್ಷರಕ್ಕೆ, 1 ಮಾತ್ರೆ; ಗುರುವಿಗೆ, ಅಂದರೆ ದೀರ್ಘಕ್ಕೆ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, 2 ಹಾಕಿ. ಹೆಬ್ಬು 3, ಲಿಯಬಾ 4, ಯನ್ನು 3, ಹೊಗುವೆನು 4. ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿಯ ನಡೆಯೂ ಇದೇ, ತಾಳದಲ್ಲಿ ಏಳೆಣಿಕೆಯ ಮಿಶ್ರಛಾಪು. ‘ಮಗನೆ’, ‘ತೆಂದು’ಗಳಲ್ಲಿ ಒಂದು ಮಾತ್ರೆ ಕಡಿಮೆ, ಅದನ್ನು ಹಾಡುವಾಗ ಎಳೆದು ತುಂಬುತ್ತೇವೆ.

‘ಇಬ್ಬರಾ’ ಎಂಬ ದೀರ್ಘ ಅಚ್ಚಿನ ತಪ್ಪಲ್ಲ. ‘ರಋಣ’ ಎಂದರೆ 3 ಮಾತ್ರೆ, ‘ರಾಋಣ’ ಎಂದರೆ 4. ಲಯ ಕೇಳಿದ್ದಕ್ಕೆ ಆ ‘ರಾ’ ಬಂದಿದೆ. ಹಾಡುವಾಗ ಅದು ನಿಟ್ಟುಸಿರಿನಂತೆ ಕೇಳಿಸುತ್ತದೆ.

ನಾನು ಹೆಚ್ಚು ಯೋಚಿಸಿದ್ದು ಪುನರುಕ್ತಿಯ ಬಗ್ಗೆ. ‘ಸತ್ಯವೇ ನಮ್ಮ ತಾಯಿ ತಂದೆ’ ಪದ್ಯದಲ್ಲಿ ಸತ್ಯವೇ, ಸತ್ಯವೇ, ‘ಸತ್ಯವಾಕ್ಯಕೆ ತಪ್ಪಿ ನಡೆದರೆ’ ಎಂದು ಮೂರು ಸಾಲು ಒಂದೇ ಪದದಿಂದ ಹೊರಡುತ್ತವೆ. ನಾಲ್ಕನೆಯದು ‘ಮೆಚ್ಚನಾ ಪರಮಾತ್ಮನು’. ‘ತ್ಯ’ ಹೋಗಿ ‘ಚ್ಚ’ ಬಂತು, ಪ್ರಾಸ ತಪ್ಪಿತು, ಅದೂ ತಪ್ಪಿ ನಡೆಯುವ ಮಾತಿನ ಬೆನ್ನಿಗೇ. ಕಟ್ಟಿದವರು ಬೇಕೆಂದೇ ಮಾಡಿದರೆಂದು ಹೇಳಲಾರೆ, ಆದರೆ ಹಾಡುವ ನನಗೆ ಪ್ರತಿ ಸಲವೂ ಅಲ್ಲಿ ಹೆಜ್ಜೆ ತಡೆಯುತ್ತದೆ.

ನಿವೃತ್ತ ಮೇಷ್ಟ್ರು
ಈ ‘ಮೆಚ್ಚನಾ’ ನನಗೆ ಹೊಳೆದಿರಲಿಲ್ಲಮ್ಮ. ಸಂತೋಷವಾಯಿತು.

ಗಣಿತದ ಅಕ್ಕೋರು, ಧಾರವಾಡ
ಇವತ್ತು ಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಆ ಹುಡುಗನ ಕೈಗೇ ಬಣ್ಣದ ಸೀಮೆಸುಣ್ಣ ಕೊಟ್ಟೆ. ನಾಲ್ಕು ‘ಬ್ಬ’ಕ್ಕೂ ತಾನೇ ಸುತ್ತು ಹಾಕಿದ. ಆಮೇಲೆ ಎಲ್ಲರೂ ಮೂರು ನಾಲ್ಕಕ್ಕೆ ಚಪ್ಪಾಳೆ ತಟ್ಟುತ್ತ ಹಾಡಿದೆವು. ‘ಇಬ್ಬರಾ’ ಬಂದಾಗ ಅವನು ಎಲ್ಲರಿಗಿಂತ ಉದ್ದಕ್ಕೆ ಎಳೆದ.