ಕ್ಯಾಟರಿಂಗ್‌ನವರ ಇನ್‌ಬಾಕ್ಸ್: ಓದಿ ಆಯಿತು ಅಂದರೆ ಉತ್ತರ ಕೊಟ್ಟಾಯಿತು ಅಂತಲ್ಲ

ಉಡುಪಿಯ ಕ್ಯಾಟರಿಂಗ್‌ನವರಿಗೆ ಆ್ಯಪ್ ಮಾಡಿಕೊಟ್ಟಿದ್ದೀರಿ, ಮೆಸೇಜ್ ಒಂದರ ಮೇಲೊಂದು ಬಿದ್ದು ಯಾವುದಕ್ಕೆ ಉತ್ತರ ಕೊಟ್ಟಾಯಿತು, ಯಾವುದು ಬಾಕಿ ಅಂತಲೇ ತಿಳಿಯುವುದಿಲ್ಲ, ಇನ್‌ಬಾಕ್ಸ್ ಹೊಸದಾಗಿ ಮಾಡಬೇಕು, ಅನುಭವ ಇದ್ದವರು ಹೇಳಿ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಇದೇ ತರದ ಕೆಲಸ ಮಾಡುವವನು, ನನಗೆ ಗೊತ್ತಿದ್ದದ್ದು ಹೇಳುತ್ತೇನೆ.

ಬಣ್ಣ, ಐಕಾನ್ ಎಲ್ಲ ಆಮೇಲೆ ಮಾರಾಯ್ರೇ. ಓದದ ಮೆಸೇಜ್ ದಪ್ಪ ಅಕ್ಷರದಲ್ಲಿ, ಓದಿದ್ದು ತೆಳುವಾಗಿ ತೋರಿಸುತ್ತಾರಲ್ಲ, ಅದನ್ನು ನಂಬಿ ಕೂರಬೇಡಿ. ಅಡಿಗೆ ಭಟ್ರು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಮೆಸೇಜ್ ತೆರೆಯುತ್ತಾರೆ, "ಮತ್ತೆ ಹೇಳುವ" ಅಂತ ಫೋನ್ ಇಡುತ್ತಾರೆ. ದಪ್ಪ ಅಕ್ಷರ ಅಲ್ಲಿಗೇ ಹೋಯಿತು. ಸಂಜೆಯೊಳಗೆ ಹೊಸ ಮೆಸೇಜ್ ಬಂದು ಅದು ಕೆಳಗೆ ಸರಿದಿರುತ್ತದೆ, ಮದುವೆ ಮನೆಯವರು ಬೇರೆ ಕಡೆ ಮಾತಾಡಿ ಮುಗಿಸಿರುತ್ತಾರೆ.

ಹಾಗಾಗಿ ಕೊನೆಗೆ ಮಾತಾಡಿದ್ದು ಯಾರು ಅಂತ ನೋಡಿ ಪಟ್ಟಿ ಮಾಡಿ. ಗ್ರಾಹಕರು ಮಾತಾಡಿದ್ದರೆ "ಉತ್ತರ ಬಾಕಿ", ನಾವು ಹೇಳಿ ಆಗಿದ್ದರೆ "ಅವರು ಹೇಳಬೇಕು", ಇಬ್ಬರಿಗೂ ಇನ್ನೇನೂ ಹೇಳಲು ಇಲ್ಲದಿದ್ದರೆ "ಮುಗಿಯಿತು". ಬಾಕಿ ಪಟ್ಟಿಯಲ್ಲಿ ಹಳೆಯದೇ ಮೇಲೆ ಬರಲಿ, ಇದು ತುಂಬಾ ಮುಖ್ಯ. ಬರೀ "ಆಯ್ತು" ಅಂತಲೋ ಕೈಮುಗಿದ ಚಿತ್ರವೋ ಬಂದರೆ ಅದೂ ಬಾಕಿಗೆ ಸೇರಿಬಿಡುತ್ತದೆ, ಒಳಗೆ ಹೋಗದೆಯೇ ಮುಗಿಸಲು ಸಾಲಿನಲ್ಲೇ ಒಂದು ಬಟನ್ ಕೊಡಿ. ಕೈತಪ್ಪಿ ಒತ್ತಿದರೆ ವಾಪಸ್ ತರಲೂ ಆಗಬೇಕು. ಜಿಮೇಲ್‌ನಲ್ಲಿ ಕಳಿಸಿದ ಮೇಲೂ ಹಿಂದೆ ತೆಗೆದುಕೊಳ್ಳಲು 5ರಿಂದ 30 ಸೆಕೆಂಡ್ ಸಿಗುತ್ತದೆ ಅಲ್ವಾ, ಹಾಗೆ. ಮೂರಕ್ಕಿಂತ ಜಾಸ್ತಿ ವಿಭಾಗ ಬೇಡ. ವಾಟ್ಸ್‌ಆ್ಯಪ್ 2024ರಲ್ಲಿ ಚಾಟ್ ಫಿಲ್ಟರ್ ತಂದಾಗಲೂ ಎಲ್ಲ, ಓದದ್ದು, ಗುಂಪು ಅಂತ ಮೂರರಲ್ಲೇ ಶುರು ಮಾಡಿದ್ದು.

ಇನ್ನು ಹುಡುಕುವುದು. ನಮ್ಮ ಕಡೆ ಒಬ್ಬರು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಕೊಂಕಣಿ, ಬ್ಯಾರಿ, ಅರ್ಧದಷ್ಟು ಜನ ವಾಯ್ಸ್ ಮೆಸೇಜೇ ಕಳಿಸುವುದು. ನೀರುದೋಸೆ ಅಂತ ಟೈಪ್ ಮಾಡಿ ಹುಡುಕಿದರೆ ಎಷ್ಟು ಸಿಕ್ಕೀತು ಹೇಳಿ? ಅದಕ್ಕೆ ಪ್ರತಿ ಮಾತುಕತೆಗೂ ಕಾರ್ಯಕ್ರಮದ ತಾರೀಕು, ಹಾಲ್, ಊಟಕ್ಕೆ ಎಷ್ಟು ಜನ, ಈ ಮೂರನ್ನು ಅಂಟಿಸಿ ಸಾಲಿನಲ್ಲೇ ಕಾಣಿಸಿ. "20ರ ಉಪನಯನದವರು" ಅಂತಲೇ ಅವರು ನೆನಪಿಟ್ಟುಕೊಳ್ಳುವುದು, ಹೆಸರಿನಿಂದ ಅಲ್ಲ. ತಾರೀಕು ಮತ್ತು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯಿಂದ ಹುಡುಕುವ ಹಾಗಿದ್ದರೆ ಸಾಕು.

ಕನ್ನಡ ಅಕ್ಷರಕ್ಕೆ ಸಾಲಿನ ನಡುವೆ ಜಾಗ ಬಿಡಿ. ಇಂಗ್ಲಿಷಿಗೆ ಅಂತ ಇಟ್ಟ ಎತ್ತರದಲ್ಲಿ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ, "ಸ್ತ್ರೀ", "ಕೃಷ್ಣ" ಹಾಕಿ ನೋಡಿದರೆ ಗೊತ್ತಾಗುತ್ತದೆ. ತೆಳು ಬೂದು ಬಣ್ಣ ಬೇಡವೇ ಬೇಡ, ಬಿಸಿಲಲ್ಲಿ ಚಪ್ಪರದ ಹೊರಗೆ ನಿಂತು ನೋಡುವವರಿಗೆ ಏನೂ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುವುದು ವೆಬ್‌ನ ಸುಲಭಬಳಕೆ ನಿಯಮ, ನೀವು ಇನ್ನೂ ಜಾಸ್ತಿಯೇ ಇಡಿ. ಒತ್ತುವ ಜಾಗ ಗೂಗಲ್ ಹೇಳುವ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯಲ್ಲಿ ಅಳೆಯುವ ಘಟಕ) ಚಿಕ್ಕದಾಗಬಾರದು, ಎಣ್ಣೆ ಕೈ ನೋಡಿ.

ಹಳೆಯ ಇನ್‌ಬಾಕ್ಸನ್ನು ಒಂದೇ ದಿನದಲ್ಲಿ ಕಿತ್ತು ಹಾಕಬೇಡಿ, ಅದರಲ್ಲೂ ಮದುವೆ ಸೀಸನ್‌ನಲ್ಲಿ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಕಾರ್ಯಕ್ರಮ ಕಡಿಮೆ, ಆಗ ಒಬ್ಬರಿಬ್ಬರಿಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತು ನೋಡಿ, ಹೇಳಿಕೊಡಲು ಹೋಗಬೇಡಿ. ಈಗಿನ ಪಟ್ಟಿಯ ಸ್ಕ್ರೀನ್‌ಶಾಟ್ ಇದ್ದರೆ ಗ್ರಾಹಕರ ಹೆಸರು, ನಂಬರ್ ಅಳಿಸಿ ಕಳಿಸಿ, ಯಾವ ಸಾಲಿನಲ್ಲಿ ಏನು ತೆಗೆಯಬಹುದು ನೋಡುವ.